ಮೊಬೈಲ್ ಕಳುವಾದರೆ ಮುಚ್ಚಿಡಬೇಡಿ

(ಸಂಘದ ವಿದ್ಯಾರ್ಥಿ ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಶಿಕ್ಷಣ ಸಂಘದ ಸಭೆಯಲ್ಲಿ ಪರೀಕ್ಷೆ, ವಿದ್ಯಾರ್ಥಿವೇತನ, ಮುಂದಿನ ಕೋರ್ಸುಗಳ ಬಗ್ಗೆ ಮಾತನಾಡುವುದು ರೂಢಿ. ನಾನು ಮಾತ್ರ ಮೊಬೈಲ್ ಕಳ್ಳತನದ ಬಗ್ಗೆ ಮಾತನಾಡಲು ನಿಂತಿದ್ದೇನೆ. ಇದಕ್ಕೂ ವಿದ್ಯೆಗೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ, ಸಂಬಂಧ ತಾನಾಗಿಯೇ ತಿಳಿಯುತ್ತದೆ.

ನಮ್ಮದು ತೆಂಗಿನ ಸೀಮೆ. ಕಾಯಿ ಕಿತ್ತು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಅಲ್ಲಾಡುವವರೆಗೆ ಹತ್ತು ಹನ್ನೊಂದು ತಿಂಗಳು ಕಾಯುತ್ತೇವೆ. ಅಷ್ಟು ದಿನವೂ ಆ ಅಟ್ಟದ ಮೇಲೆ ಮನೆಯವರ ಕಣ್ಣಿರುತ್ತದೆ. ಅದೇ ಉಂಡೆ ಕೊಬ್ಬರಿ ತಿಪಟೂರು ಮಾರುಕಟ್ಟೆಯಲ್ಲಿ ಮಾರಾಟವಾಗಿ ಹಣ ಬ್ಯಾಂಕ್ ಖಾತೆಗೆ ಬಿದ್ದ ಮೇಲೆ, ಆ ಖಾತೆಯ ಕೀಲಿಯನ್ನು ಅಂಗಿಯ ಮೇಲಿನ ಜೇಬಿನಲ್ಲಿಟ್ಟುಕೊಂಡು ತುಂಬಿದ ಬಸ್ಸು ಹತ್ತುತ್ತೇವೆ. ಆ ಕೀಲಿಯೇ ಮೊಬೈಲ್. ವರ್ಷವಿಡೀ ಅಟ್ಟ ಕಾದವರು ಜೇಬನ್ನು ಅರ್ಧ ಗಂಟೆ ಕಾಯುವುದಿಲ್ಲ.

2003ರಲ್ಲಿ ಬಂದ ನೋಕಿಯಾ 1100 ಹಿರಿಯರಿಗೆ ನೆನಪಿರಬಹುದು. ಮುಂದೆ ಟಾರ್ಚ್ ಇದ್ದ ಸಣ್ಣ ಸೆಟ್ಟು. ಅದು ಕಳುವಾದರೆ ಒಂದು ಸೆಟ್ಟು ಹೋಯಿತು, ಒಂದಷ್ಟು ನಂಬರುಗಳು ಹೋದವು, ಅಷ್ಟೇ. ಇಂದಿನ ಮೊಬೈಲ್ ಕಳುವಾದರೆ ಬ್ಯಾಂಕು, ಆಧಾರ್‌ಗೆ ಜೋಡಿಸಿದ ನಂಬರು, ಮನೆಯವರ ಚಿತ್ರಗಳು, ಕಾಲೇಜಿನ ಟಿಪ್ಪಣಿಗಳು ಎಲ್ಲವೂ ಪರರ ಕೈಗೆ ಹೋಗುತ್ತವೆ. ಕಳ್ಳ ಒಯ್ಯುವುದು ಹತ್ತು ಹದಿನೈದು ಸಾವಿರದ ವಸ್ತುವನ್ನು. ಆ ಮೇಲೆ ಎಷ್ಟು ಹೋಗುತ್ತದೆ ಎಂಬುದು ಮುಂದಿನ ಕೆಲವು ಗಂಟೆಗಳಲ್ಲಿ ನಾವು ಏನು ಮಾಡುತ್ತೇವೆ ಎಂಬುದನ್ನು ಅವಲಂಬಿಸಿದೆ.

ಒಂದು ಸನ್ನಿವೇಶ ಊಹಿಸಿಕೊಳ್ಳಿ. ನೀವು ತುರುವೇಕೆರೆ ಕಡೆಯ ಹಳ್ಳಿಯಿಂದ ತಿಪಟೂರಿನ ಕಾಲೇಜಿಗೆ ಬರುವ ವಿದ್ಯಾರ್ಥಿನಿ. ಸಂಜೆ ಬಸ್ ನಿಲ್ದಾಣದಲ್ಲಿ ನೂಕುನುಗ್ಗಲು. ಹೇಗೋ ಹತ್ತಿ ಸೀಟು ಹಿಡಿದು ಬ್ಯಾಗು ಮಡಿಲಿಗೆ ಎಳೆದುಕೊಂಡಿರಿ. ಜಿಪ್ ತೆರೆದಿದೆ. ಮೊಬೈಲ್ ಇಲ್ಲ. ಆ ಕ್ಷಣದಲ್ಲಿ ಮನಸ್ಸಿಗೆ ಬರುವ ಮೊದಲ ಯೋಚನೆ ಯಾವುದು? ಪೊಲೀಸರಲ್ಲ, ಬ್ಯಾಂಕಲ್ಲ. “ಅಬ್ಬಾಗೆ ಹೇಗೆ ಹೇಳಲಿ?” ಇದೇ ಮೊದಲ ಯೋಚನೆ. ಈ ಭಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಮಾಡಬೇಕಾದ ಕೆಲಸಗಳನ್ನು ಕ್ರಮವಾಗಿ ನೋಡೋಣ.

ಮೊದಲ ಹತ್ತು ನಿಮಿಷ. ಕೂಡಲೇ ಕಂಡಕ್ಟರಿಗೆ, ಪಕ್ಕದವರಿಗೆ ಹೇಳಿ. ಇನ್ನೊಬ್ಬರ ಮೊಬೈಲಿನಿಂದ ನಿಮ್ಮ ನಂಬರಿಗೆ ಕರೆ ಮಾಡಿ. ಸೀಟಿನ ಕೆಳಗೆ ಬಿದ್ದಿರಬಹುದು, ಕಾಲೇಜಿನ ಡೆಸ್ಕಿನಲ್ಲೇ ಉಳಿದಿರಬಹುದು. ಯಾರಾದರೂ ಎತ್ತಿಕೊಂಡು ಮಾತನಾಡಿದರೆ ಗದರಬೇಡಿ, ಮರ್ಯಾದೆಯಿಂದ ಮಾತನಾಡಿ. ತೆಗೆದುಕೊಳ್ಳಲು ಒಬ್ಬರೇ ಹೋಗಬೇಡಿ. ಮನೆಯ ಹಿರಿಯರೊಂದಿಗೆ, ಜನ ಓಡಾಡುವ ಜಾಗದಲ್ಲಿ ಭೇಟಿಯಾಗಿ.

ಇಲ್ಲಿ ಒಂದು ಎಚ್ಚರಿಕೆ. ಬಸ್ಸಿನಲ್ಲಿ “ಕಳ್ಳ” ಎಂಬ ಮಾತು ಬಿದ್ದರೆ ಸಾಕು, ಹತ್ತಿರ ನಿಂತ ಬಡಪಾಯಿಯ ಮೇಲೆ ಹತ್ತು ಕೈ ಏಳುತ್ತವೆ. ಅವನ ಬಟ್ಟೆ, ಅವನ ಭಾಷೆ, ಅವನ ಟೋಪಿ ನೋಡಿ ಅನುಮಾನಿಸುವವರೂ ಉಂಟು. ಅನ್ಯಾಯದ ಅನುಮಾನ ಪಾಪವೆಂದು ನಮ್ಮ ಧರ್ಮ ಕಲಿಸುತ್ತದೆ. ನಮ್ಮ ಮೇಲೆ ಅಂಥ ಅನುಮಾನ ಬಿದ್ದಾಗ ಎಷ್ಟು ನೋವಾಗುತ್ತದೆಯೋ ಇನ್ನೊಬ್ಬರಿಗೂ ಅಷ್ಟೇ ನೋವಾಗುತ್ತದೆ. ಅನುಮಾನವಿದ್ದರೆ 112ಕ್ಕೆ ಕರೆ ಮಾಡಿ, ಇಲ್ಲವೇ ಬಸ್ಸನ್ನು ಠಾಣೆಯ ಬಳಿ ನಿಲ್ಲಿಸಲು ಕೇಳಿಕೊಳ್ಳಿ. ಯಾರ ಮೇಲೂ ಕೈ ಮಾಡಬೇಡಿ.

ಕರೆ ಹೋಗದಿದ್ದರೆ, ಅಥವಾ ಸ್ವಿಚ್ ಆಫ್ ಎಂದು ಬಂದರೆ, ಅದು ಕಳುವಾಗಿದೆ ಎಂದೇ ತಿಳಿದು ಮುಂದಿನ ಕೆಲಸಕ್ಕೆ ಕೈ ಹಾಕಿ. ನಂಬಿಕೆಯ ಗೆಳತಿಯ ಮೊಬೈಲಿನಲ್ಲಿ ಗೂಗಲ್‌ನ ‘ಫೈಂಡ್ ಹಬ್’ ಸೇವೆಯನ್ನು ತೆರೆದು ನಿಮ್ಮ ಗೂಗಲ್ ಖಾತೆಯಿಂದ ಪ್ರವೇಶಿಸಿ. ಇದಕ್ಕೆ ಮೊದಲು ‘ಫೈಂಡ್ ಮೈ ಡಿವೈಸ್’ ಎಂಬ ಹೆಸರಿತ್ತು. ಆಪಲ್ ಫೋನಿನವರಿಗೆ ‘ಫೈಂಡ್ ಮೈ’ ಇದೆ. ಇದರಿಂದ ಫೋನನ್ನು ದೂರದಿಂದಲೇ ಲಾಕ್ ಮಾಡಬಹುದು. ಅದು ಆನ್ ಆಗಿ ಇಂಟರ್ನೆಟ್ ಇದ್ದರೆ ಎಲ್ಲಿದೆ ಎಂದೂ ತೋರಿಸುತ್ತದೆ. ಒಳಗಿರುವುದನ್ನೆಲ್ಲ ಅಳಿಸುವ ಸೌಲಭ್ಯವೂ ಇದೆ. ಆದರೆ ಅಳಿಸಿದ ಮೇಲೆ ಆಂಡ್ರಾಯ್ಡ್ ಫೋನು ಎಲ್ಲಿದೆ ಎಂದು ಅದು ತೋರಿಸಲಾರದು. ಆದ್ದರಿಂದ ಮೊದಲು ಲಾಕ್ ಮಾಡಿ, ಅಳಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಗೆಳತಿಯ ಮೊಬೈಲಿನಿಂದ ನಿಮ್ಮ ಖಾತೆಯನ್ನು ಲಾಗೌಟ್ ಮಾಡಲು ಮರೆಯಬೇಡಿ. ನಕ್ಷೆಯಲ್ಲಿ ಯಾವುದೋ ಗಲ್ಲಿ ಕಂಡಿತೆಂದು ನೀವೇ ಅಲ್ಲಿಗೆ ಹೋಗಬೇಡಿ. ಆ ಮಾಹಿತಿಯನ್ನು ಪೊಲೀಸರಿಗೆ ಕೊಡಿ.

ಇದಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ವ್ಯಯಿಸಬೇಡಿ. ಲಾಕ್ ತೆರೆದಿದ್ದಾಗಲೇ ಯಾರಾದರೂ ಕೈಯಿಂದ ಕಿತ್ತುಕೊಂಡು ಓಡಿದ್ದರೆ ಇದಕ್ಕೂ ಕಾಯದೆ ಬ್ಯಾಂಕಿಗೆ ತಿಳಿಸಿ.

ಮೊದಲ ಒಂದು ಗಂಟೆ. ಈ ಗಂಟೆಯಲ್ಲಿ ಎರಡು ಕೆಲಸ. ಮೊದಲನೆಯದು, ಸಿಮ್ ಕಂಪನಿಯ ಸಹಾಯವಾಣಿಗೆ ಹೇಳಿ ಸಿಮ್ ನಿಲ್ಲಿಸುವುದು. ಫೋನಿಗೆ ಲಾಕ್ ಇದೆ, ಭಯವಿಲ್ಲ ಎಂದು ಸುಮ್ಮನಿರಬೇಡಿ. ಕಳ್ಳ ಸಿಮ್ ತೆಗೆದು ಬೇರೆ ಸೆಟ್ಟಿಗೆ ಹಾಕಿದರೆ ನಿಮ್ಮ ಒ.ಟಿ.ಪಿ.ಗಳೆಲ್ಲ ಅವನಿಗೆ ಬರುತ್ತವೆ. ಮೊಬೈಲ್ ಕವರಿನ ಹಿಂದೆಯೇ ಎ.ಟಿ.ಎಂ. ಕಾರ್ಡ್ ಸಿಕ್ಕಿಸಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಕಾರ್ಡಿನ ಮೇಲಿನ ಅಂಕಿಗಳೂ ಒ.ಟಿ.ಪಿ.ಯೂ ಒಂದೇ ಕೈಗೆ ಸಿಕ್ಕರೆ ಹೊಸ ಯು.ಪಿ.ಐ. ಪಿನ್ ಹೊಂದಿಸುವುದೂ ಕಷ್ಟವಲ್ಲ. ಕೀಲಿಯನ್ನೂ ಬೀಗವನ್ನೂ ಒಂದೇ ದಾರಕ್ಕೆ ಕಟ್ಟಿ ಕೊಟ್ಟಂತೆ ಅದು.

ಎರಡನೆಯದು, ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ ಯು.ಪಿ.ಐ., ಮೊಬೈಲ್ ಬ್ಯಾಂಕಿಂಗ್ ಹಾಗೂ ಕಾರ್ಡ್ ನಿಲ್ಲಿಸಲು ಹೇಳುವುದು. ದೂರಿನ ಸಂಖ್ಯೆ ಮತ್ತು ಕರೆ ಮಾಡಿದ ಸಮಯವನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಈ ಸಮಯಕ್ಕೆ ಬೆಲೆಯಿದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕ ಬ್ಯಾಂಕಿಗೆ ತಿಳಿಸಿದ ನಂತರ ನಡೆದ ಅನಧಿಕೃತ ವಹಿವಾಟಿನ ನಷ್ಟ ಬ್ಯಾಂಕಿನದು. ತಿಳಿಸುವ ಮೊದಲು ನಮ್ಮ ಅಜಾಗರೂಕತೆಯಿಂದ ಆದ ನಷ್ಟ ನಮ್ಮದು. ಅಂದರೆ ಸುಮ್ಮನಿದ್ದ ಪ್ರತಿ ಗಂಟೆಯೂ ನಮ್ಮ ಲೆಕ್ಕಕ್ಕೆ ಬರೆಯಲ್ಪಡುತ್ತದೆ. ಹಣ ಹೋಗಿರುವುದು ತಿಳಿದರೆ ಒಡನೆಯೇ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ದೂರು ತಲುಪಿದರೆ ತಡೆಹಿಡಿಯುವ ಅವಕಾಶ ಹೆಚ್ಚು.

ಇನ್ನೊಂದು ಮಾತು. ಯು.ಪಿ.ಐ. ಲೈಟ್ ಬಳಸುವವರಿಗೆ ಸಣ್ಣ ಪಾವತಿಗೆ ಪಿನ್ ಬೇಕಾಗುವುದಿಲ್ಲ. 2024ರ ಡಿಸೆಂಬರಿನಲ್ಲಿ ಅದರ ಮಿತಿಯನ್ನು ಒಂದು ಸಲಕ್ಕೆ 1,000 ರೂಪಾಯಿ, ಒಟ್ಟು 5,000 ರೂಪಾಯಿಗೆ ಏರಿಸಲಾಯಿತು. ಫೋನಿನ ಲಾಕ್ ಗಟ್ಟಿಯಾಗಿರದಿದ್ದರೆ ಅದು ಜೇಬಿನಲ್ಲಿಟ್ಟ ನಗದಿನಂತೆಯೇ.

ಮೊದಲ ದಿನ. ಇನ್ನು ಪೊಲೀಸ್ ಠಾಣೆ. ಇಲ್ಲಿ ಎರಡು ಪದಗಳ ವ್ಯತ್ಯಾಸ ತಿಳಿದಿರಬೇಕು. ‘ಕಳೆದುಹೋಗಿದೆ’ ಎಂಬುದು ಬೇರೆ, ‘ಕಳುವಾಗಿದೆ’ ಎಂಬುದು ಬೇರೆ. ಎಲ್ಲೋ ಬೀಳಿಸಿಕೊಂಡಿದ್ದರೆ ಕರ್ನಾಟಕ ಪೊಲೀಸ್ ಇಲಾಖೆಯ ‘ಇ-ಲಾಸ್ಟ್’ ಸೇವೆಯಲ್ಲಿ ನೀವೇ ದೂರು ದಾಖಲಿಸಿ ಸ್ವೀಕೃತಿ ಪಡೆಯಬಹುದು. ಆದರೆ ಅದು ಕಳೆದ ವಸ್ತುಗಳಿಗೆ ಮಾತ್ರ. ಕಳ್ಳತನವಾಗಿದ್ದರೆ ಕಳ್ಳತನವೆಂದೇ ಬರೆದು ಕೊಡಿ. ಸುಲಭವಾಗಲೆಂದು ಕಳುವಾದುದನ್ನು ಕಳೆದುಹೋಯಿತೆಂದು ಬರೆಯುವುದೂ ಸರಿಯಲ್ಲ, ಗೊತ್ತಿಲ್ಲದ ವ್ಯಕ್ತಿಯ ಹೆಸರು ಸೇರಿಸುವುದೂ ಸರಿಯಲ್ಲ. ನಡೆದದ್ದನ್ನು ನಡೆದಂತೆ ಹೇಳುವುದು ಕಾನೂನಿನ ದೃಷ್ಟಿಯಿಂದಲೂ ಈಮಾನಿನ ದೃಷ್ಟಿಯಿಂದಲೂ ಸರಿಯಾದ ದಾರಿ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಕಳ್ಳತನಕ್ಕೂ, 304ನೇ ಕಲಂ ಕಸಿದು ಓಡುವುದಕ್ಕೂ ಅನ್ವಯಿಸುತ್ತದೆ. ಅದರೊಂದಿಗೇ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಗಂಭೀರ ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ನೀವು ಹೋದ ಠಾಣೆಯಲ್ಲಿ ಮಾಹಿತಿ ಕೊಡಬಹುದು. ತಿಪಟೂರಿನಲ್ಲಿ ಕಳುವಾದುದು ತುರುವೇಕೆರೆಯಲ್ಲಿ ಇಳಿದಾಗ ತಿಳಿದರೆ ಮರಳಿ ಹೋಗಲು ಬಸ್ಸಿಲ್ಲವೆಂದು ಕೈ ಚೆಲ್ಲಬೇಕಾಗಿಲ್ಲ. ಎಫ್.ಐ.ಆರ್. ಪ್ರತಿ ಉಚಿತ. ವಿದ್ಯುನ್ಮಾನ ರೂಪದಲ್ಲಿ ಮಾಹಿತಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ದಾಖಲಿಸಲು ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಬರಹದಲ್ಲಿ ಕಳಿಸಬಹುದು, ಆ ಮೇಲೆ ನ್ಯಾಯಾಲಯವೂ ಇದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವಿಗೆ ಹೊಸ ಕಾನೂನಿನಲ್ಲಿ ಬೇರೆ ಕ್ರಮವಿರುವುದರಿಂದ, ಮೊಬೈಲಿನ ಬೆಲೆ ತೋರಿಸುವ ಬಿಲ್ಲು ಜೊತೆಯಲ್ಲಿರಲಿ. ರೈಲಿನಲ್ಲಿ ಕಳುವಾಗಿದ್ದರೆ 139ಕ್ಕೆ ಕರೆ ಮಾಡಿ, ರೈಲ್ವೆ ಪೊಲೀಸರಿಗೆ ದೂರು ಕೊಡಿ.

ದೂರಿನ ಪ್ರತಿ ಕೈಗೆ ಬಂದ ಮೇಲೆ ಹಳೆಯ ನಂಬರಿನ ಹೊಸ ಸಿಮ್ ಪಡೆಯಿರಿ. ನಮ್ಮ ಅನೇಕ ಮನೆಗಳು ಎಡವುವುದು ಇಲ್ಲಿಯೇ. ಮಗಳ ಕೈಯಲ್ಲಿರುವ ಸಿಮ್ ಮಾಮೂನ ಹೆಸರಿನಲ್ಲಿರುತ್ತದೆ. ಅಮ್ಮಿಯ ಸಿಮ್ ಸೌದಿಗೆ ಹೋದ ಮಗನ ಹೆಸರಿನಲ್ಲಿರುತ್ತದೆ. ಕೆಲವರ ಸಿಮ್ ಯಾರ ಹೆಸರಿನಲ್ಲಿದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಯಾರ ಹೆಸರಿನಲ್ಲಿದೆಯೋ ಅವರು ಗುರುತಿನ ಚೀಟಿಯೊಂದಿಗೆ ಬಾರದೆ ಹೊಸ ಸಿಮ್ ಸಿಗುವುದಿಲ್ಲ. ಮಗ ರಜೆಗೆ ಬರುವವರೆಗೆ ತಾಯಿಯ ಬ್ಯಾಂಕು, ಪಡಿತರ, ಪಿಂಚಣಿಯ ನಂಬರು ಕಟ್ಟಿಹಾಕಿದಂತಾಗುತ್ತದೆ. ಆದ್ದರಿಂದ ಹದಿನೆಂಟು ತುಂಬಿದವರ ಸಿಮ್ ಅವರವರ ಹೆಸರಿನಲ್ಲೇ ಇರಲಿ. ಹೆಂಗಸರ ಸಿಮ್ ಹೆಂಗಸರ ಹೆಸರಿನಲ್ಲಿರಲಿ.

ಹೊಸ ಸಿಮ್ ಚಾಲೂ ಆದ ಮೇಲೂ ಸುಮಾರು 24 ಗಂಟೆ ಎಸ್.ಎಂ.ಎಸ್. ಬರುವುದಿಲ್ಲ. ಮೋಸಗಾರರು ನಿಮ್ಮ ಹೆಸರಿನಲ್ಲಿ ಸಿಮ್ ಪಡೆದು ಒ.ಟಿ.ಪಿ. ಕದಿಯದಿರಲೆಂದು ಮಾಡಿರುವ ವ್ಯವಸ್ಥೆ ಅದು. ಗಾಬರಿಯಾಗಬೇಡಿ.

ನಂತರದ ಕೆಲಸ ಸೆಟ್ಟನ್ನೇ ನಿಷ್ಪ್ರಯೋಜಕ ಮಾಡುವುದು. ಪ್ರತಿ ಮೊಬೈಲಿಗೂ ಐ.ಎಂ.ಇ.ಐ. ಎಂಬ 15 ಅಂಕಿಗಳ ಸಂಖ್ಯೆ ಇರುತ್ತದೆ. ಎರಡು ಸಿಮ್ ಸೆಟ್ಟಿಗೆ ಎರಡು ಸಂಖ್ಯೆ. ವಾಹನಕ್ಕೆ ಚಾಸಿ ನಂಬರ್ ಇದ್ದಂತೆ. ಸಿಮ್ ಬದಲಾಯಿಸಿದರೂ ಅದು ಬದಲಾಗದು. ಇಂಥ ಸಂಖ್ಯೆಯೇ ಇಲ್ಲದ ಅಗ್ಗದ ಸೆಟ್ಟುಗಳು ಒಂದು ಕಾಲಕ್ಕೆ ನಮ್ಮ ಪೇಟೆಗಳಲ್ಲಿ ತುಂಬಿದ್ದವು. 2009ರ ಕೊನೆಯಲ್ಲಿ ಕೇಂದ್ರ ಸರ್ಕಾರ ಅವುಗಳಿಗೆ ಸಂಪರ್ಕ ನಿಲ್ಲಿಸಿತು.

ಕೇಂದ್ರ ದೂರಸಂಪರ್ಕ ಇಲಾಖೆಯ ಸಿ.ಇ.ಐ.ಆರ್. ಎಂಬ ವ್ಯವಸ್ಥೆ 2019ರಲ್ಲಿ ಕೆಲವೆಡೆ ಪ್ರಾಯೋಗಿಕವಾಗಿ ಶುರುವಾಗಿ, 2023ರ ಮೇ ತಿಂಗಳಿನಲ್ಲಿ ‘ಸಂಚಾರ ಸಾಥಿ’ ಜಾಲತಾಣದ ಮೂಲಕ ಇಡೀ ದೇಶಕ್ಕೆ ದೊರೆಯಿತು. ಅಷ್ಟರಲ್ಲಾಗಲೇ ಕರ್ನಾಟಕ ಪೊಲೀಸರು ಇದರ ನೆರವಿನಿಂದ 2,500ಕ್ಕೂ ಹೆಚ್ಚು ಮೊಬೈಲುಗಳನ್ನು ಹುಡುಕಿ ಮಾಲೀಕರಿಗೆ ಮರಳಿಸಿದ್ದರು. 2025ರ ಜನವರಿಯಲ್ಲಿ ಇದರ ಆ್ಯಪ್ ಕೂಡ ಬಂತು. ಮಾಡಬೇಕಾದುದು ಇಷ್ಟು: ಪೊಲೀಸ್ ದೂರಿನ ಪ್ರತಿ, ಗುರುತಿನ ಚೀಟಿ, ಖರೀದಿ ಬಿಲ್ಲು, ಐ.ಎಂ.ಇ.ಐ. ಸಂಖ್ಯೆ ಇಟ್ಟುಕೊಂಡು ಅರ್ಜಿ ತುಂಬಿ, ಅದು ಕೊಡುವ ರಿಕ್ವೆಸ್ಟ್ ಐ.ಡಿ.ಯನ್ನು ಬರೆದಿಟ್ಟುಕೊಳ್ಳುವುದು. ಸುಮಾರು 24 ಗಂಟೆಯೊಳಗೆ ಆ ಸೆಟ್ಟು ದೇಶದ ಎಲ್ಲ ಕಂಪನಿಗಳ ಜಾಲದಲ್ಲೂ ನಿಲ್ಲುತ್ತದೆ. ಯಾರಾದರೂ ಅದಕ್ಕೆ ಬೇರೆ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಹೋಗುತ್ತದೆ. ಮೊಬೈಲ್ ಮರಳಿ ಸಿಕ್ಕರೆ ಅದೇ ಐ.ಡಿ.ಯಿಂದ ನಿರ್ಬಂಧ ತೆಗೆಸಬಹುದು. ಎಲ್ಲ ಮೊಬೈಲುಗಳೂ ಮರಳಿ ಸಿಗುತ್ತವೆ ಎಂದು ನಾನು ಹೇಳಲಾರೆ. ಆದರೆ ನಿರ್ಬಂಧಿಸದ ಮೊಬೈಲಿಗೆ ಪೇಟೆಯಲ್ಲಿ ಬೆಲೆಯಿದೆ, ನಿರ್ಬಂಧಿಸಿದ ಮೊಬೈಲು ಕರೆ ಮಾಡಲಾರದ ಸೆಟ್ಟು. ಕಳ್ಳನಿಗೆ ಲಾಭ ಸಿಗದಂತೆ ಮಾಡುವುದೂ ಒಂದು ಸಮಾಜಸೇವೆಯೇ.

ಹೊಸ ಸಿಮ್ ಬಂದ ಕೂಡಲೇ ವಾಟ್ಸ್‌ಆ್ಯಪನ್ನು ಬೇರೆ ಸೆಟ್ಟಿನಲ್ಲಿ ನೋಂದಾಯಿಸಿ, ಹಳೆಯದರಲ್ಲಿ ಅದು ತಾನೇ ನಿಲ್ಲುತ್ತದೆ. ಸಿಮ್ ನಿಲ್ಲಿಸಿದ ಮಾತ್ರಕ್ಕೆ ವಾಟ್ಸ್‌ಆ್ಯಪ್ ನಿಲ್ಲುವುದಿಲ್ಲ, ವೈ-ಫೈ ಇದ್ದರೆ ನಡೆಯುತ್ತಲೇ ಇರುತ್ತದೆ. ಅದರಿಂದ ನಿಮ್ಮ ಚಿಕ್ಕಪ್ಪನಿಗೆ “ಆಸ್ಪತ್ರೆಯಲ್ಲಿದ್ದೇನೆ, ಐದು ಸಾವಿರ ಕಳಿಸಿ” ಎಂದು ಸಂದೇಶ ಹೋಗಬಹುದು. ಬಂಧುಗಳಿಗೆ ಮೊದಲೇ ತಿಳಿಸಿ. ಗೂಗಲ್ ಹಾಗೂ ಇತರ ಖಾತೆಗಳ ಪಾಸ್‌ವರ್ಡ್ ಬದಲಾಯಿಸಿ. ಕೆಲವು ದಿನಗಳ ನಂತರ “ನಿಮ್ಮ ಫೋನು ಸಿಕ್ಕಿದೆ, ಈ ಕೊಂಡಿ ಒತ್ತಿ ಪಾಸ್‌ವರ್ಡ್ ಹಾಕಿ” ಎಂದು ಸಂದೇಶ ಬಂದರೆ ನಂಬಬೇಡಿ. ಲಾಕ್ ತೆರೆಯಲಾಗದ ಕಳ್ಳರು ಹೂಡುವ ಎರಡನೆಯ ಬಲೆ ಅದು.

ಈಗ ವಿದ್ಯೆಯ ವಿಷಯ. ರಾಜ್ಯದ ಎಸ್.ಎಸ್.ಪಿ. ಆಗಲಿ, ಕೇಂದ್ರದ ಎನ್.ಎಸ್.ಪಿ. ಆಗಲಿ, ವಿದ್ಯಾರ್ಥಿವೇತನದ ಅರ್ಜಿಗೆ ಮೊಬೈಲಿಗೆ ಬರುವ ಒ.ಟಿ.ಪಿ. ಬೇಕು. ಪ್ರವೇಶಾತಿಯ ಕೌನ್ಸೆಲಿಂಗ್, ಹಾಲ್ ಟಿಕೆಟ್, ಡಿಜಿಲಾಕರ್‌ನಲ್ಲಿರುವ ಅಂಕಪಟ್ಟಿ ಎಲ್ಲವೂ ಅದೇ ನಂಬರಿಗೆ ಜೋಡಿಸಿಕೊಂಡಿವೆ. ಮೊಬೈಲ್ ಕಳುವಾಯಿತೆಂದು ಮನೆಯಲ್ಲಿ ಹೇಳದೆ, ಹೊಸ ನಂಬರಿನ ಸಿಮ್ ಹಾಕಿಕೊಂಡು ಸುಮ್ಮನಾದ ವಿದ್ಯಾರ್ಥಿಗೆ ಅರ್ಜಿಯ ಕೊನೆಯ ದಿನ ಒ.ಟಿ.ಪಿ. ಬರುವುದಿಲ್ಲ. ಆಧಾರ್ ನಂಬರು ತಿದ್ದಿಸಲು ಕೇಂದ್ರಕ್ಕೆ ಅಲೆಯುವಷ್ಟರಲ್ಲಿ ದಿನಾಂಕ ಮುಗಿದಿರುತ್ತದೆ. ಕಳ್ಳ ಒಯ್ದದ್ದು ಮೊಬೈಲ್ ಮಾತ್ರ, ವಿದ್ಯಾರ್ಥಿವೇತನವನ್ನು ಕಳೆದದ್ದು ನಮ್ಮ ಮೌನ.

ಪೋಷಕರೇ, ಈಗ ತಮ್ಮೊಂದಿಗೆ ಎರಡು ಮಾತು. ಆ ಹುಡುಗಿ ಬಸ್ಸಿನಲ್ಲಿ ಮೊದಲು ಯೋಚಿಸಿದ್ದು “ಅಬ್ಬಾಗೆ ಹೇಗೆ ಹೇಳಲಿ” ಎಂದು. ಏಕೆಂದರೆ “ಇನ್ನು ಕಾಲೇಜು ಸಾಕು, ಮನೆಯಲ್ಲಿರು” ಎಂಬ ಮಾತನ್ನು ಅವಳು ಎಲ್ಲೋ ಕೇಳಿದ್ದಾಳೆ. ಆ ಭಯದಿಂದ ಅವಳು ಎರಡು ದಿನ ಮುಚ್ಚಿಟ್ಟರೆ, ಆ ಎರಡು ದಿನ ಕಳ್ಳನಿಗೆ ನಾವೇ ಕೊಟ್ಟ ಕಾಲಾವಕಾಶ. ಫೋನಿನಲ್ಲಿರುವ ಚಿತ್ರಗಳನ್ನು ತೋರಿಸಿ ಯಾರಾದರೂ ಬೆದರಿಸಿದರಂತೂ ಹೆದರಿದ ಮಗು ಹಣ ಕೊಡುತ್ತದೆ, ಮತ್ತೆ ಕೊಡುತ್ತದೆ, ಯಾರಿಗೂ ಹೇಳುವುದಿಲ್ಲ. ಮಕ್ಕಳೇ, ಅಂಥ ಬೆದರಿಕೆ ಬಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ, ಸಂದೇಶಗಳನ್ನು ಅಳಿಸಬೇಡಿ, ಮನೆಯ ಹಿರಿಯರಿಗೆ ಅಥವಾ ನಿಮ್ಮ ಅಧ್ಯಾಪಕಿಗೆ ಹೇಳಿ ಪೊಲೀಸರಿಗೆ ದೂರು ಕೊಡಿ. ತಪ್ಪು ಮಾಡಿದವನು ಬೆದರಿಸಿದವನು, ನೀವಲ್ಲ. ತಂದೆತಾಯಿಗಳೇ, ಮಗು ಬಂದು ಹೇಳಿದ ದಿನ ಬೈಯಬೇಡಿ. ಇಂದು ಬೈದರೆ ನಾಳೆ ಇದಕ್ಕಿಂತ ದೊಡ್ಡದನ್ನು ಅದು ನಿಮ್ಮಿಂದ ಮುಚ್ಚಿಡಲು ಕಲಿಯುತ್ತದೆ. ಮೊಬೈಲ್ ಇನ್ನೊಂದು ತರಬಹುದು, ನಿಂತುಹೋದ ಓದನ್ನು ತರುವುದು ಕಷ್ಟ.

ಇನ್ನು ನಾಣ್ಯದ ಇನ್ನೊಂದು ಮುಖ. ಕದ್ದ ಮೊಬೈಲನ್ನು ಕೊಳ್ಳುವವರು ಇರುವುದರಿಂದಲೇ ಕದಿಯುವವರಿದ್ದಾರೆ. ಹದಿನೈದು ಸಾವಿರದ ಸೆಟ್ಟನ್ನು ಬಿಲ್ಲಿಲ್ಲದೆ ಮೂರು ಸಾವಿರಕ್ಕೆ ಕೊಡುತ್ತೇನೆ ಎಂದರೆ ಅದು ಅದೃಷ್ಟವಲ್ಲ, ಪರೀಕ್ಷೆ. ಕಳ್ಳಮಾಲೆಂದು ತಿಳಿದು, ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಇಟ್ಟುಕೊಂಡರೆ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಮೂರು ವರ್ಷದವರೆಗೆ ಶಿಕ್ಷೆಯಾಗಬಹುದು. ಹಳೆಯ ಸೆಟ್ಟು ಕೊಳ್ಳುವ ಮೊದಲು ‘ಕೆ.ವೈ.ಎಂ.’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು, 15 ಅಂಕಿಗಳ ಐ.ಎಂ.ಇ.ಐ. ಸೇರಿಸಿ 14422ಕ್ಕೆ ಎಸ್.ಎಂ.ಎಸ್. ಕಳಿಸಿ ಪರೀಕ್ಷಿಸಿ. ಮಾರಿದವರಿಂದ ಹೆಸರು, ದಿನಾಂಕ, ಸಹಿ ಇರುವ ರಸೀದಿ ಪಡೆಯಿರಿ. ಸಾಲದ ವ್ಯವಹಾರವನ್ನು ಬರೆದಿಟ್ಟುಕೊಳ್ಳಲು ಕಲಿಸಿದ ಧರ್ಮದವರು ನಾವು, ಖರೀದಿಯನ್ನು ಬರೆದಿಡಲು ನಾಚಿಕೆ ಏಕೆ?

ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನಮ್ಮ ಯುವಕರಿಗೂ ಒಂದು ಮಾತು. ಐ.ಎಂ.ಇ.ಐ. ಸಂಖ್ಯೆ ತಿದ್ದಿಕೊಡಿ ಎಂದು ಬಂದವರನ್ನು ಬಾಗಿಲಿನಿಂದಲೇ ಕಳಿಸಿ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸ, 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹಲಾಲ್ ದುಡಿಮೆಯ ಅಂಗಡಿಗೆ ಐನೂರು ರೂಪಾಯಿಗಾಗಿ ಬೀಗ ಬೀಳಬಾರದು.

ಬಿದ್ದ ಮೊಬೈಲ್ ಸಿಕ್ಕವರೂ ಯೋಚಿಸಬೇಕು. ದಾರಿಯಲ್ಲಿ ಸಿಕ್ಕ ವಸ್ತುವಿನ ಗುರುತನ್ನು ನೆನಪಿಟ್ಟು, ಒಂದು ವರ್ಷ ಕಾಲ ಅದರ ಒಡೆಯನನ್ನು ಹುಡುಕಲು ಪ್ರವಾದಿ ಮುಹಮ್ಮದ್ (ಸ) ಕಲಿಸಿದ್ದಾರೆ. ಸಿಕ್ಕ ಫೋನನ್ನು ಸ್ವಿಚ್ ಆಫ್ ಮಾಡಬೇಡಿ, ಸಿಮ್ ತೆಗೆಯಬೇಡಿ. ಚಾರ್ಜ್ ಮಾಡಿ ಕರೆಗಾಗಿ ಕಾಯಿರಿ, ಬಾರದಿದ್ದರೆ ಠಾಣೆಗೆ ಒಪ್ಪಿಸಿ. ಅದು ನಿಮ್ಮ ಬಳಿ ಇರುವಷ್ಟು ಹೊತ್ತು ಅಮಾನತ್ತು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ನಮಗೆಲ್ಲ ಗೊತ್ತು. ಆದ್ದರಿಂದ ಇಂದು ರಾತ್ರಿಯೇ ಒಂದು ಮನೆಗೆಲಸ ಕೊಡುತ್ತೇನೆ. ಫೋನಿನಲ್ಲಿ *#06# ಒತ್ತಿ, ಬರುವ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅದರ ಕೆಳಗೆ ಬ್ಯಾಂಕಿನ ಸಹಾಯವಾಣಿ, ಸಿಮ್ ಕಂಪನಿಯ ಸಹಾಯವಾಣಿ, 1930, 112, ಮನೆಯ ಇಬ್ಬರ ನಂಬರು ಬರೆಯಿರಿ. ಪಿನ್, ಪಾಸ್‌ವರ್ಡ್ ಮಾತ್ರ ಅದರಲ್ಲಿ ಬೇಡ. ಅಂಗಡಿಯ ಬಿಲ್ಲಿನ ಅಕ್ಷರ ಮಾಸಿಹೋಗುವ ಮೊದಲೇ ಅದನ್ನು ಜೆರಾಕ್ಸ್ ಮಾಡಿಸಿ ಹಾಳೆಯ ಜೊತೆ ಪಡಿತರ ಚೀಟಿ ಇಡುವ ಜಾಗದಲ್ಲಿಡಿ. ಸಂಚಾರ ಸಾಥಿಯಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಿ. ಸಿಮ್‌ಗೂ ಒಂದು ಪಿನ್ ಹಾಕಿ, ಆಗ ಬೇರೆ ಸೆಟ್ಟಿಗೆ ಹಾಕಿದರೂ ಅದು ತೆರೆಯದು. ಆದರೆ ಕಂಪನಿ ಕೊಟ್ಟ ಮೊದಲ ಪಿನ್ ಕೇಳಿಕೊಂಡೇ ಮಾಡಿ. ಊಹಿಸಿ ಮೂರು ಸಲ ತಪ್ಪಾಗಿ ಒತ್ತಿದರೆ ಸಿಮ್ ತಾನೇ ಮುಚ್ಚಿಕೊಳ್ಳುತ್ತದೆ.

ಒಂಟೆಯನ್ನು ಕಟ್ಟಿ ನಂತರ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಪ್ರವಾದಿವರ್ಯರ ಬೋಧನೆಯನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಈ ಹಾಳೆಯೇ ಇಂದಿನ ಹಗ್ಗ. ಕಟ್ಟಿದ ಮೇಲೂ ಕಳುವಾದರೆ ನಾಚಿಕೆಪಡಬೇಡಿ, ಮುಚ್ಚಿಡಬೇಡಿ, ತಡಮಾಡಬೇಡಿ.

ಕೆಡುಕಿನಿಂದ ನಮ್ಮ ಮಕ್ಕಳನ್ನು ಅಲ್ಲಾಹನು ಕಾಪಾಡಲಿ, ಸತ್ಯವನ್ನು ಹೇಳುವ ಧೈರ್ಯವನ್ನೂ ಅದನ್ನು ಕೇಳಿಸಿಕೊಳ್ಳುವ ತಾಳ್ಮೆಯನ್ನೂ ನಮ್ಮೆಲ್ಲರಿಗೆ ಕರುಣಿಸಲಿ. ಆಮೀನ್.